ಲೋಹ ಈಗ ಎಲ್ಲಿದೆ?



ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ ಇವನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸಲಾರದು. ಚೆಲ್ಲಿದ ಎಣ್ಣೆಯನ್ನು ಬ್ಯಾಕ್ಟೀರಿಯಾ ಒಡೆದು ಹಾಕಬಲ್ಲದು. ಲೋಹ ಮೂಲಧಾತು, ಒಡೆಯುವುದಿಲ್ಲ. ಅದರ ರೂಪವನ್ನೋ ನೆಲೆಯನ್ನೋ ಬದಲಿಸುವುದಷ್ಟೇ, ಉದಾಹರಣೆಗೆ ಕರಗಿ ಹರಿಯುವುದನ್ನು ಕರಗದ ರೂಪಕ್ಕೆ ತಂದು ನಿಲ್ಲಿಸುವುದಷ್ಟೇ, ಜೀವಿಯ ಕೈಯಲ್ಲಿರುವ ಕೆಲಸ. ಈ ಸಂಕಿರಣದಲ್ಲಿ ನಾವಾಡುವ ಮಾತೆಲ್ಲ ಈ ಮಿತಿಯನ್ನು ಅರಿತೇ ಇರಲಿ ಎಂಬುದು ನನ್ನ ಆಶಯ.

ಬೆಂಗಳೂರಿನ ನಮ್ಮ ಪೀಣ್ಯ ಕೈಗಾರಿಕಾ ಪ್ರದೇಶವನ್ನೇ ನೋಡಿ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ಅಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ-6 ಇಳಿದಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕ್ರೋಮಿಯಂ-6 ನೀರಿನಲ್ಲಿ ಕ್ರೋಮೇಟ್ ರೂಪದಲ್ಲಿರುತ್ತದೆ; ಅದರ ರಚನೆ ಸಲ್ಫೇಟನ್ನು ಹೋಲುವುದರಿಂದ, ಜೀವಕೋಶ ಸಲ್ಫೇಟಿಗೆಂದು ತೆರೆದಿಟ್ಟ ಬಾಗಿಲಲ್ಲೇ ಅದು ಒಳನುಗ್ಗಿ ಡಿಎನ್‌ಎಗೆ ಹಾನಿ ಮಾಡುತ್ತದೆ. ಬ್ಯಾಸಿಲಸ್, ಸ್ಯೂಡೊಮೊನಾಸ್ ಕುಲಗಳ ಕೆಲವು ತಳಿಗಳು ಅದಕ್ಕೆ ಮೂರು ಎಲೆಕ್ಟ್ರಾನ್ ಕೊಟ್ಟು ಕ್ರೋಮಿಯಂ-3 ಆಗಿಸುತ್ತವೆ. ತಟಸ್ಥ ನೀರಿನಲ್ಲಿ ಅದು ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ. ನಮ್ಮ ಬಹಳಷ್ಟು ಪ್ರಬಂಧಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ಮಣ್ಣಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಇದ್ದರೆ ಅದೇ ಕ್ರೋಮಿಯಂ-3 ಮರಳಿ ಕ್ರೋಮಿಯಂ-6 ಆಗಬಹುದು. ಫ್ಲಾಸ್ಕಿನಲ್ಲಿ ಮೂರು ದಿನ ಕಂಡ ಗೆಲುವು ಮೂರು ಮಳೆಗಾಲ ಬಾಳೀತೇ? ಅಷ್ಟು ಕಾದು ಅಳೆಯುವ ಸಹನೆಯೂ ಅನುದಾನವೂ ನಮ್ಮಲ್ಲಿ ಕಡಿಮೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೀಗೆಂದು ಕೈಚೆಲ್ಲಬೇಕಿಲ್ಲ. ನೆದರ್ಲೆಂಡ್ಸಿನ ಬ್ಯೂಡೆಲ್‌ನಲ್ಲಿ 1892ರಲ್ಲಿ ಸತುವಿನ ಕಾರ್ಖಾನೆ ಹುಟ್ಟಿತು. ಕಾಲಾಂತರದಲ್ಲಿ ಅದರ ಕೆಳಗಿನ ಅಂತರ್ಜಲದಲ್ಲಿ ಸತುವೂ ಸಲ್ಫೇಟೂ ತುಂಬಿಕೊಂಡವು. 1992ರಲ್ಲಿ ಆ ನೀರನ್ನು ಮೇಲೆತ್ತಿ, ಆಮ್ಲಜನಕದ ಬದಲು ಸಲ್ಫೇಟನ್ನೇ ಉಸಿರಾಡುವ ಬ್ಯಾಕ್ಟೀರಿಯಾಗಳಿದ್ದ ರಿಯಾಕ್ಟರಿಗೆ ಹಾಯಿಸತೊಡಗಿದರು. ಅವು ಬಿಟ್ಟ ಸಲ್ಫೈಡ್ ಸತುವನ್ನು ಹಿಡಿದು ಸತುವಿನ ಸಲ್ಫೈಡ್ ಆಯಿತು. ಗಣಿಯಿಂದ ಬರುವ ಅದಿರೂ ಅದೇ ತಾನೆ! ಆ ಕೆಸರನ್ನು ಕಾರ್ಖಾನೆಗೇ ಮರಳಿಸಿ ಲೋಹ ತೆಗೆದರು. ನನ್ನ ದೃಷ್ಟಿಯಲ್ಲಿ ಬ್ಯೂಡೆಲ್‌ನ ದೊಡ್ಡ ಸಾಧನೆ ಇದು: ಲೋಹಕ್ಕೆ ಹೋಗಲೊಂದು ಜಾಗವಿತ್ತು, ಅದಕ್ಕೆ ಹೊಣೆಗಾರರೂ ಇದ್ದರು.

ಒಂದು ಎಚ್ಚರಿಕೆ. ಬ್ಯೂಡೆಲ್‌ನಲ್ಲಿ ನೆರವಾದಂಥ, ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು, ಪಾದರಸ ಸಿಕ್ಕರೆ ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಜಪಾನಿನ ಮಿನಮಾಟದ ಮೀನಿನಲ್ಲಿದ್ದ ವಿಷ ಅದೇ. ಅಲ್ಲಿ ಅದು ಕಾರ್ಖಾನೆಯಿಂದಲೇ ಬಂದಿತ್ತು. ನಮ್ಮ ಕೆರೆಗಳ ಹೂಳಿನಲ್ಲಿ ಅದನ್ನು ನಾವೇ ತಯಾರಿಸುವಂತಾಗಬಾರದು. ನೀರಿನಲ್ಲಿ ಏನೇನಿದೆ ಎಂದು ಪೂರ್ತಿ ತಿಳಿಯದೆ ಯಾವ ಜೀವಿಯನ್ನೂ ಬಿಡಬಾರದು.

ಮುಂದಿನ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ಕೋರಿಕೆ. ಲೋಹದ ಲವಣ ಬೆರೆಸಿದ ಶುದ್ಧ ನೀರಿನ ಫಲಿತಾಂಶದ ಜತೆಗೆ ಪೀಣ್ಯದ, ವೃಷಭಾವತಿ ನದಿಯ ನೀರಿನಲ್ಲಿ ಏನಾಯಿತೆಂದೂ ಹೇಳಿ, ಸೋತಿದ್ದರೂ ಹೇಳಿ. ತಳಿಯ ಹೆಸರಿನೊಂದಿಗೆ ಲೋಹ ಈಗ ಎಲ್ಲಿದೆ, ಯಾವ ರೂಪದಲ್ಲಿದೆ, ಅದನ್ನು ಯಾರು ಕಾಯುತ್ತಾರೆ ಎಂಬುದನ್ನೂ ದಯವಿಟ್ಟು ಸಭೆಯ ಮುಂದಿಡಿ.