ಬಾಳೆಯ ಕಂದು, ರಾಗಿಯ ಕಾಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘ ಇಪ್ಪತ್ತೈದು ವರ್ಷ ನಡೆದು ಬಂದ ದಾರಿಯ ಬಗ್ಗೆ ಹಿರಿಯರು ಆಗಲೇ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ‘ಜೀವಿಗಳಲ್ಲಿ ಸಂತಾನೋತ್ಪತ್ತಿ’. ಇದನ್ನು ಕೇಳಿ ಹಿಂದಿನ ಸಾಲಿನ ಹುಡುಗರು ಮುಸಿಮುಸಿ ನಕ್ಕರು. ನಗಲಿ, ಬೇಡ ಅನ್ನೋಲ್ಲ. ಆದರೆ ನಮ್ಮ ಹೊಲ ತೋಟದ ಲಾಭ ನಷ್ಟ ಈ ವಿಷಯದ ಮೇಲೇ ನಿಂತಿದೆ ಅನ್ನೋದನ್ನ ಅವರೂ ತಿಳಿಯಬೇಕು.

ಜೀವಿಗಳು ಸಂತಾನ ಬೆಳೆಸೋದಕ್ಕೆ ಎರಡು ದಾರಿ ಇವೆ. ಒಂದು ಲೈಂಗಿಕ ರೀತಿ. ಗಂಡಿನ ಅಂಶ, ಹೆಣ್ಣಿನ ಅಂಶ ಕೂಡಿ ಹೊಸ ಜೀವ ಹುಟ್ಟುತ್ತದೆ. ಹಸು, ಕೋಳಿ, ತೆಂಗು, ರಾಗಿ ಎಲ್ಲ ಹೀಗೆಯೇ. ಇನ್ನೊಂದು ನಿರ್ಲಿಂಗ ರೀತಿ. ಇಲ್ಲಿ ಒಂದೇ ಜೀವಿಯ ತುಣುಕು ಹೊಸ ಜೀವಿಯಾಗುತ್ತದೆ. ಕೆರೆ ನೀರಿನ ಅಮೀಬಾ ತಾನೇ ಸೀಳಿ ಎರಡಾಗುತ್ತದೆ. ನಾವು ನೆಡುವ ಕಬ್ಬಿನ ತುಂಡು, ಮಲ್ಲಿಗೆ ಕಡ್ಡಿ, ವೀಳ್ಯದೆಲೆ ಬಳ್ಳಿ, ಬಾಳೆ ಕಂದು ಇವೆಲ್ಲ ಈ ದಾರಿಯವೇ.

ಬಾಳೆಯನ್ನೇ ನೋಡೋಣ. ಹಣ್ಣು ಇದೆ, ಬೀಜ ಎಲ್ಲಿ? ಕಾಡುಬಾಳೆಯಲ್ಲಿ ಕಲ್ಲಿನಂಥ ಬೀಜ ಇರುತ್ತದೆ. ನಮ್ಮ ರಸಬಾಳೆಯಲ್ಲಿ, ಪಚ್ಚಬಾಳೆಯಲ್ಲಿ ನಡುವೆ ಕಾಣುವ ಕಪ್ಪು ಚುಕ್ಕೆ ಬೀಜವಾಗದೆ ಉಳಿದ ಗುರುತು ಅಷ್ಟೇ. ಕಾರಣ ಇದು: ತಂದೆ ತಾಯಿಯ ಗುಣ ಹೊತ್ತು ತರುವ ಸೂಕ್ಷ್ಮ ಎಳೆಗಳಿಗೆ ವರ್ಣತಂತು ಎನ್ನುತ್ತಾರೆ. ಕಾಡುಬಾಳೆಯಲ್ಲಿ ಹನ್ನೊಂದರ ಎರಡು ಗುಂಪು, ಒಟ್ಟು 22. ರಸಬಾಳೆಯಲ್ಲಿ ಮೂರು ಗುಂಪು, ಒಟ್ಟು 33. ಬೀಜ ಕಟ್ಟಬೇಕಾದರೆ ಇವು ಜೋಡಿಯಾಗಿ ನಿಂತು ಸಮನಾಗಿ ಹಂಚಿಕೊಳ್ಳಬೇಕು. ಕೋಲಾಟಕ್ಕೆ ಮೂವರು ಬಂದರೆ ಒಬ್ಬ ಜೋಡಿ ಇಲ್ಲದೆ ಉಳಿಯುವ ಹಾಗೆ, ಇಲ್ಲೂ ಲೆಕ್ಕ ತಪ್ಪುತ್ತದೆ. ಬೀಜ ಆಗೋದಿಲ್ಲ. ಬಾಳೆ ಉಳಿದಿರೋದು ಕಂದಿನಿಂದ.

ಕಂದು ಅಂದರೆ ತಾಯಿಯ ಪಡಿಯಚ್ಚು. ತಾಯಿ ಸಿಹಿಯಾದರೆ ಕಂದೂ ಸಿಹಿ. ಇದು ರೈತನಿಗೆ ದೊಡ್ಡ ಅನುಕೂಲ. ಆದರೆ ತಾಯಿಗೆ ತಡೆಯಲಾಗದ ರೋಗವನ್ನು ಕಂದೂ ತಡೆಯಲಾರದು. ಸಾವಿರ ಗಿಡ ಇದ್ದರೂ ರೋಗದ ಕಣ್ಣಿಗೆ ಅದು ಒಂದೇ ಗಿಡ.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ರಸಬಾಳೆ ಹಾಕಿದ್ದೆವು. ಅಗ್ಗಕ್ಕೆ ಸಿಕ್ಕಿತು, ಗಾಡಿ ಬಾಡಿಗೆಯೂ ಉಳಿಯಿತು ಅಂತ ಎಲ್ಲ ಕಂದನ್ನೂ ಒಂದೇ ತೋಟದಿಂದ ತಂದೆವು. ಗೆಡ್ಡೆ ಕೊಯ್ದು ನೋಡಲಿಲ್ಲ. ಗೊನೆ ಬಿಡುವ ಹೊತ್ತಿಗೆ ಕೆಳಗಿನ ಎಲೆ ಹಳದಿಯಾಗಿ, ತೊಟ್ಟು ಮುರಿದು ಜೋತುಬಿದ್ದವು. ನೀರು ಸಾಲದು ಅಂತ ನೀರು ಬಿಟ್ಟೆವು, ಗೊಬ್ಬರ ಸುರಿದೆವು. ಕೊನೆಗೆ ಕಿತ್ತು ಗೆಡ್ಡೆ ಸೀಳಿದಾಗ ಒಳಗೆಲ್ಲ ಕೆಂಪು ಕಂದು ಗೆರೆ. ಪನಾಮಾ ಸೊರಗು ರೋಗ. ಆ ವರ್ಷ ಸಂಘದ ಸಾಲದ ಕಂತು ಕಟ್ಟಿದ್ದು ಹಸು ಮಾರಿ.

ಇದು ಮಣ್ಣಿನ ಶಿಲೀಂಧ್ರದಿಂದ ಬರುವ ರೋಗ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳ ಕಟ್ಟಿಬಿಡುತ್ತದೆ. ಔಷಧಿ ಹೊಡೆದರೆ ಗುಣವಾಗೋದಿಲ್ಲ. ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಹೆಸರುವಾಸಿಯಾದ ನಂಜನಗೂಡು ರಸಬಾಳೆಯ ತೋಟಗಳು ಕರಗಿದ್ದಕ್ಕೆ ದೊಡ್ಡ ಕಾರಣ ಈ ರೋಗವೇ. ಹೊರದೇಶಗಳಲ್ಲೂ ಇದೇ ಕಥೆ. ಒಂದು ಕಾಲಕ್ಕೆ ರಫ್ತಿನ ಮಾರುಕಟ್ಟೆ ಆಳುತ್ತಿದ್ದ ಗ್ರೋ ಮಿಶೆಲ್ ತಳಿ 1950, 60ರ ದಶಕಗಳಲ್ಲಿ ಇದಕ್ಕೆ ಸೋತು, ಆ ಜಾಗಕ್ಕೆ ಕ್ಯಾವೆಂಡಿಶ್, ಅಂದರೆ ನಮ್ಮ ಪಚ್ಚಬಾಳೆಯ ಬಳಗ, ಬಂತು. ಈಗ ಅದನ್ನೂ ಕೆಡಿಸುವ ಟಿ.ಆರ್.-4 ಎಂಬ ಹೊಸ ಬಗೆ ನಮ್ಮ ದೇಶಕ್ಕೂ ಕಾಲಿಟ್ಟಿದೆ.

ಈಗ ರಾಗಿಗೆ ಬನ್ನಿ. ರಾಗಿಗೆ ಹೂವಿದೆ, ಪರಾಗವಿದೆ, ಕಾಳಿದೆ. ಆದ್ದರಿಂದ ಎರಡು ತಳಿ ಕೂಡಿಸಿ ಮೂರನೆಯದನ್ನು ಪಡೆಯಬಹುದು. ಹೂವು ತೀರಾ ಸಣ್ಣದು, ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಹಾಗಾಗಿ ಕೆಲಸ ಬಲು ಸೂಕ್ಷ್ಮ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕದ ರಾಗಿ ಕೂಡಿಸಿದರು. ಇಂಡಿಯಾ, ಆಫ್ರಿಕಾ ಸೇರಿ ‘ಇಂಡಾಫ್’ ಆಯಿತು. ಇಳುವರಿ ಎಷ್ಟು ಏರಿತು ಅನ್ನೋದನ್ನ ಕಣಜ ತುಂಬಿದ ಹಿರಿಯರು ಇಲ್ಲೇ ಕೂತಿದ್ದಾರೆ, ಕೇಳಿ ನೋಡಿ. ಬೀಜದ ದಾರಿಯ ಬಲ ಇದು: ಮಕ್ಕಳು ತಂದೆ ತಾಯಿಯ ಹಾಗೇ ಇರೋದಿಲ್ಲ. ಕೆಲವು ಕಳಪೆ ಆಗಬಹುದು, ಆದರೆ ರೋಗ ಬಂದಾಗ ತಾಳಿಕೊಳ್ಳುವ ಒಂದೆರಡು ಸಿಗುತ್ತವೆ.

ರಸಬಾಳೆಗೆ ಆ ಭಾಗ್ಯ ಇಲ್ಲ. ಬೀಜವಿಲ್ಲದ ಬೆಳೆ ತನ್ನನ್ನು ತಾನು ಬದಲಿಸಿಕೊಳ್ಳದು. ಅದರ ಕಾವಲು ನಮ್ಮ ಕೈಯಲ್ಲೇ ಇದೆ. ಕಂದು ತರುವ ಮೊದಲು ಆ ತೋಟಕ್ಕೆ ಹೋಗಿ ನೋಡಿ. ಗೆಡ್ಡೆಯಲ್ಲಿ ಕೆಂಪು ಗೆರೆ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ರೋಗದ ತೋಟದ ಮಣ್ಣು, ನೀರು, ತೊಳೆಯದ ಗುದ್ದಲಿ ನಿಮ್ಮ ತೋಟಕ್ಕೆ ಬರಬಾರದು. ಅಂಗಾಂಶ ಕೃಷಿಯ ಸಸಿ ತಂದರೆ ರೋಗ ಬರೋದಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಅದೂ ಪಡಿಯಚ್ಚೇ. ನೆಡುವಾಗ ಶುದ್ಧ ಇರುತ್ತದೆ, ಕೆಟ್ಟ ಮಣ್ಣಿಗೆ ಇಟ್ಟರೆ ಅದಕ್ಕೂ ರೋಗ ತಗಲುತ್ತದೆ. ಇದ್ದಬದ್ದ ಜಮೀನಿಗೆಲ್ಲ ಒಂದೇ ತಳಿ ಹಾಕಬೇಡಿ.

ಆಡಳಿತ ಮಂಡಳಿಯವರಲ್ಲಿ ಒಂದು ಅರಿಕೆ. ಸಾಲದ ಖಾತೆ ಬರೆದಿಡುವ ಹಾಗೆ ಕಂದಿನ ಖಾತೆಯೂ ಒಂದಿರಲಿ. ಯಾರ ತೋಟದ ಕಂದು, ಯಾರಿಗೆ ಹೋಯಿತು, ಅಲ್ಲಿ ರೋಗ ಇತ್ತೇ ಅಂತ ಬರೆದಿಡಿ. ಒಬ್ಬರ ತೋಟದಲ್ಲಿ ಎಲೆ ಹಳದಿಯಾದರೆ ಮುಚ್ಚಿಡದೆ ಹೇಳುವ ಧೈರ್ಯ ಸದಸ್ಯರಿಗೂ ಇರಲಿ. ಅಂದು ನಾವು ನಾಚಿಕೆಪಟ್ಟು ಯಾರಿಗೂ ಹೇಳಲಿಲ್ಲ. ಪಕ್ಕದವರ ತೋಟವೂ ಹೋಯಿತು. ಆ ತಪ್ಪನ್ನು ಈ ವೇದಿಕೆಯಲ್ಲಿ ಒಪ್ಪಿಕೊಂಡು ನಮ್ಮ ಮಾತು ಮುಗಿಸುತ್ತೇವೆ.