ಹಲಗೆ ತಿರುಗಿದಾಗ



ಇಂಗ್ಲಿಷ್ ಭಾಷೆಯಲ್ಲಿ ‘ಟರ್ನ್ ದಿ ಟೇಬಲ್ಸ್’ ಎಂಬ ನುಡಿಗಟ್ಟೊಂದುಂಟು. ಪದಶಃ ಅರ್ಥ ಮಾಡಹೊರಟರೆ ‘ಮೇಜುಗಳನ್ನು ತಿರುಗಿಸುವುದು’ ಎಂದಾಗಿ, ಓದುವವನು ದಿಗ್ಭ್ರಮೆಗೊಳ್ಳುವನು. ಇಲ್ಲಿನ ‘ಟೇಬಲ್’ ನಾವು ಬರೆಯಲು ಕೂಡುವ ಮೇಜಲ್ಲ. ದಾಳ ಹಾಕಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಜಾತಿಯ ಆಟಗಳಿಗೆ ಹಿಂದೆ ಇಂಗ್ಲೆಂಡಿನಲ್ಲಿ ‘ಟೇಬಲ್ಸ್’ ಎಂದು ಹೆಸರಿದ್ದಿತು. ಆಟಗಾರರಿಬ್ಬರೂ ಎದುರುಬದುರಾಗಿ ಕುಳಿತಿರುವರು. ಕಾಯಿಗಳನ್ನು ಕದಲಿಸದೆ ಹಲಗೆಯನ್ನೇ ಅರ್ಧ ಸುತ್ತು ತಿರುಗಿಸಿದರೆ, ಗೆಲ್ಲುತ್ತಿದ್ದವನ ಪಕ್ಷವು ಸೋಲುತ್ತಿದ್ದವನಿಗೂ, ಇವನದು ಅವನಿಗೂ ಬಂದುಬಿಡುವುದು. ಕೆಳಗಾಗಿದ್ದವನು ಮೇಲುಗೈ ಪಡೆಯುವುದೆಂಬ ಅರ್ಥವು ಈ ಆಟದಿಂದ ಬಂದಿತು.

ಇದರ ಪ್ರಯೋಗದಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ‘ಟೇಬಲ್ಸ್’ ಎಂಬುದು ಇಲ್ಲಿ ಬಹುವಚನದಲ್ಲಿಯೇ ಇರತಕ್ಕದ್ದು. ಇಬ್ಬರು ತಮ್ಮತಮ್ಮೊಳಗೆ ಒಡಂಬಟ್ಟು ಕೆಲಸ ಬದಲಾಯಿಸಿಕೊಂಡರೆ ಈ ಮಾತು ಸಲ್ಲದು; ಅಲ್ಲಿ ಸ್ಪರ್ಧೆಯಿರಬೇಕು. ಪಾಟೀಸವಾಲಿನಲ್ಲಿ ವಕೀಲನು ಬೆದರಿಸುತ್ತಿದ್ದ ಸಾಕ್ಷಿಯೇ ವಕೀಲನನ್ನು ನಿರುತ್ತರಗೊಳಿಸಿದರೆ ಆಗ ಚೆನ್ನಾಗಿ ಒಪ್ಪುವುದು.

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ನಮ್ಮ ಗಾದೆಯು ಇದಕ್ಕೆ ಹತ್ತಿರದ್ದು. ಆದರೆ ನಮ್ಮ ಗಾದೆಯಲ್ಲಿ ಕಾಲವು ತಾನಾಗಿ ಹೊರಳುವುದು. ಇಂಗ್ಲಿಷ್ ಮಾತಿನಲ್ಲಿ ಬಹುಮಟ್ಟಿಗೆ ಹಲಗೆಯನ್ನು ತಿರುಗಿಸುವ ಕೈಯೊಂದು ಇರುವುದು. ಕೈಯಿರುವಲ್ಲಿ ಹೊಣೆಯೂ ಉಂಟು.

ಇದಕ್ಕೆ ಯೂರೋಪಿನ ಇತಿಹಾಸವೇ ನಿದರ್ಶನ. ಫ್ರಾನ್ಸನ್ನು ಸೋಲಿಸುತ್ತಿದ್ದ ಜರ್ಮನರು 1871ನೆಯ ಜನವರಿ 18ರಂದು ವರ್ಸೇಲ್ಸ್ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ ತಮ್ಮ ಸಾಮ್ರಾಜ್ಯವನ್ನು ಘೋಷಿಸಿದರು. 1919ನೆಯ ಜೂನ್ 28ರಂದು ಅದೇ ಸಭಾಂಗಣದಲ್ಲಿ, ಸೋತ ಜರ್ಮನಿಯಿಂದ ಸಂಧಿಪತ್ರಕ್ಕೆ ರುಜು ಹಾಕಿಸಲಾಯಿತು. ಅದಕ್ಕೆ ಮೊದಲು, 1918ನೆಯ ನವೆಂಬರ್ 11ರಂದು, ಕಾಂಪಿಯೆನ್ ಅರಣ್ಯದಲ್ಲಿ ನಿಂತಿದ್ದ ರೈಲುಗಾಡಿಯೊಂದರಲ್ಲಿ ಜರ್ಮನರು ಯುದ್ಧವಿರಾಮಕ್ಕೆ ಒಪ್ಪಿ ರುಜು ಮಾಡಿದ್ದರು. ಹಿಟ್ಲರನು ವಸ್ತುಸಂಗ್ರಹಾಲಯದಲ್ಲಿದ್ದ ಆ ಗಾಡಿಯನ್ನೇ ಹೊರಗೆಳೆಯಿಸಿ, ಹಿಂದೆ ನಿಂತಿದ್ದ ಸ್ಥಳದಲ್ಲಿಯೇ ನಿಲ್ಲಿಸಿ, 1940ನೆಯ ಜೂನ್ 22ರಂದು ಫ್ರೆಂಚರಿಂದ ಅದರೊಳಗೆ ರುಜು ಹಾಕಿಸಿಕೊಂಡನು. ಐದು ವರ್ಷಗಳೊಳಗೆ ಜರ್ಮನಿಯು ಮತ್ತೆ ಸೋತಿತು. ಆ ಗಾಡಿಯೂ 1945ರಲ್ಲಿ ಜರ್ಮನಿಯಲ್ಲಿಯೇ ನಾಶವಾಯಿತು.

ಹಲಗೆಯು ಇಷ್ಟು ಬಾರಿ ತಿರುಗಿದರೂ ಆಟವು ಅದೇ ಆಟವಾಗಿತ್ತು. ಸ್ಥಳವೂ ಗಾಡಿಯೂ ಸಹ ಬದಲಾಗಲಿಲ್ಲ. ಕುಳಿತವರ ಮಗ್ಗುಲು ಮಾತ್ರ ಬದಲಾಯಿತು. ಪ್ರತಿ ಸಲವೂ ಗೆದ್ದವರು ಇದನ್ನು ನ್ಯಾಯವೆಂದೇ ಬಗೆದರು. 1963ನೆಯ ಜನವರಿ 22ರಂದು ಡಿ ಗಾಲ್ ಮತ್ತು ಅಡೆನೌರ್ ಮಹಾಶಯರು ಪ್ಯಾರಿಸಿನಲ್ಲಿ ಮೈತ್ರಿಯ ಒಪ್ಪಂದಕ್ಕೆ ರುಜು ಹಾಕಿದಾಗ, ಯಾರೂ ಯಾರನ್ನೂ ಸೋತವರ ಪೀಠದಲ್ಲಿ ಕೂರಿಸಲಿಲ್ಲ.

ಆದುದರಿಂದ ಈ ನುಡಿಗಟ್ಟನ್ನು ಬಳಸುವಾಗ ಅದು ಹೇಳದೆ ಬಿಟ್ಟಿರುವುದನ್ನೂ ನಾವು ವಿಚಾರಿಸಬೇಕು. ಮೇಲುಗೈ ಯಾರಿಗೆ ಬಂದಿತೆಂಬುದನ್ನು ಅದು ತಿಳಿಸುವುದು. ಬಂದ ಮೇಲುಗೈಯಿಂದ ಅವನು ಏನು ಮಾಡಿದನೆಂಬುದನ್ನು ತಿಳಿಸುವುದಿಲ್ಲ. ನೊಂದ ಸೊಸೆಯು ಅತ್ತೆಯಾದ ದಿನ ತನ್ನ ಮನೆಗೆ ಬಂದ ಹುಡುಗಿಯನ್ನು ಹೇಗೆ ನಡೆಸಿಕೊಂಡಳೆಂಬುದೇ ನಿಜವಾದ ಪ್ರಶ್ನೆ.