ಏಳುವುದಕ್ಕೂ ಅಪ್ಪಣೆ ಬೇಕೆ?



ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವ ಬಸ್ಸನ್ನು ನೆನಪಿಸಿಕೊಳ್ಳಿ. ಚಾಲಕರು ಸೀಟಿನಲ್ಲೇ ಕೂತು ತಿರುವು ತಿರುವಿಗೂ ಸ್ಟೇರಿಂಗ್ ಎಳೆಯುತ್ತಿರುತ್ತಾರೆ. ನಿರ್ವಾಹಕರು ಮೇಲಿನ ಕಂಬಿಗೆ ಮೊಣಕೈ ಕೊಟ್ಟು, ಟಿಕೆಟ್ ಹರಿಯುತ್ತ, ‘ಹಿಂದೆ ಹೋಗಿ, ಹಿಂದೆ’ ಎನ್ನುತ್ತ ಬಾಗಿಲಿನಿಂದ ಬಾಗಿಲಿಗೆ ಓಡಾಡುತ್ತಾರೆ. ಒಂದೇ ಬಸ್ಸು, ಒಂದೇ ಡ್ಯೂಟಿ. ಹೃದಯದ ಪಾಡು ಮಾತ್ರ ಬೇರೆ ಬೇರೆ ಎಂದು 1953ರಲ್ಲಿ ವೈದ್ಯ ಜೆರ್ರಿ ಮಾರಿಸ್ ಲಂಡನ್ನಿನ ಸಾರಿಗೆ ನೌಕರರನ್ನು ಅಭ್ಯಸಿಸಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬರೆದರು. ಡಬಲ್ ಡೆಕ್ಕರ್ ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚಿತ್ತು.

ಮಾರಿಸ್ ಅಲ್ಲಿಗೆ ಕೈತೊಳೆದುಕೊಳ್ಳಲಿಲ್ಲ. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರೆ, ಡ್ರೈವರುಗಳ ಸೊಂಟ ಕಂಡಕ್ಟರುಗಳದ್ದಕ್ಕಿಂತ ದಪ್ಪ, ಅದೂ ಕಿರಿಯ ವಯಸ್ಸಿನಿಂದಲೇ! ಹಾಗಾದರೆ ತಪ್ಪು ಸೀಟಿನದೋ, ಸೊಂಟದ್ದೋ? ತನ್ನ ಶೋಧವನ್ನು ತಾನೇ ಹೀಗೆ ಅನುಮಾನಿಸಿದ್ದು ನನಗೆ ಆ ಶೋಧಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಂದು ನಮಗೆ ಸ್ವಲ್ಪ ಹೆಚ್ಚು ಗೊತ್ತಿದೆ. ಮೀನಖಂಡದ ಸ್ನಾಯು ಕಾಲಿನ ರಕ್ತವನ್ನು ಮೇಲಕ್ಕೊತ್ತುವ ಪಂಪು. ಗಂಟೆಗಟ್ಟಲೆ ಕೂತರೆ ಅದು ಸುಮ್ಮನಾಗುತ್ತದೆ, ಕಾಲಿನ ರಕ್ತದ ಓಟ ನಿಧಾನವಾಗುತ್ತದೆ, ರಕ್ತನಾಳಗಳು ಬೇಕಾದಾಗ ಹಿಗ್ಗುವುದನ್ನು ಮರೆಯುತ್ತವೆ. 2023ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಕೂತವರನ್ನು ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಡೆಸಿ ನೋಡಿದಾಗ ಊಟದ ನಂತರದ ಸಕ್ಕರೆಯ ಏರಿಕೆ ಶೇ. 58ರಷ್ಟು ತಗ್ಗಿತು, ರಕ್ತದೊತ್ತಡವೂ ಇಳಿಯಿತು. ಪರೀಕ್ಷೆಗೆ ಒಳಗಾದವರು ಹನ್ನೊಂದೇ ಜನ ಎಂಬುದನ್ನೂ ಹೇಳಿಬಿಡುತ್ತೇನೆ. ಇಷ್ಟರಿಂದ ಹೃದಯಾಘಾತ ತಪ್ಪಿತು ಎನ್ನುವಂತಿಲ್ಲ.

‘ನಾವು ಹಾಕಿಯ ನಾಡಿನವರು, ನಮಗೇಕೆ ಇದು?’ ಎನ್ನಬಹುದು. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಸ್ಟಿಕ್ ಹಿಡಿದು ಬೆವರಿದವರೇ ಮಳೆಗಾಲದಲ್ಲಿ ತೋಟದ ಗೇಟಿನವರೆಗೂ ಜೀಪಿನಲ್ಲಿ ಹೋಗುವುದನ್ನು ನಾನು ನೋಡಿದ್ದೇನೆ. ಆ ಸಾಲಿನಲ್ಲಿ ನಾನೂ ಇದ್ದೇನೆ.

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂದ ಹಿರಿಯರಿಗೆ, ಕೂತೇ ದುಡಿಯುವ ಕಾಲ ಬರುತ್ತದೆಂದು ಹೊಳೆದಿರಲಾರದು. ಕಾಫಿ ಬೀಜವನ್ನು ಕೈಯಲ್ಲೇ ಆರಿಸುವ ಕಡೆ ಹೆಂಗಸರು ಮೊರದ ಮುಂದೆ ಕಾಲು ಮಡಚಿ ಕೂತರೆ ಕರಿಬೀಜ, ಒಡಕು ಬೀಜ ಹೆಕ್ಕುತ್ತ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೂಲಿ ಕಿಲೋ ಲೆಕ್ಕದ್ದಾದರೆ ಎದ್ದಷ್ಟೂ ನಷ್ಟ. ‘ಅರ್ಧ ಗಂಟೆಗೊಮ್ಮೆ ಏಳಮ್ಮ’ ಎಂದು ಚೀಟಿ ಬರೆದುಕೊಟ್ಟರೆ ನಮ್ಮ ಕೆಲಸ ಮುಗಿಯಿತೆ? ಘಾಟಿಯ ಚಾಲಕರಿಗೂ ಆ ಚೀಟಿ ಉಪಯೋಗಕ್ಕಿಲ್ಲ. ಚೀಟಿಯಿಂದಾಗದ್ದು ಕಾನೂನಿನಿಂದಾಗಬಹುದು: ಪಕ್ಕದ ಕೇರಳದಲ್ಲಿ ದಿನವಿಡೀ ನಿಲ್ಲುತ್ತಿದ್ದ ಬಟ್ಟೆಯಂಗಡಿಯ ಹೆಣ್ಣುಮಕ್ಕಳು ಹೋರಾಡಿದ ಮೇಲೆ, 2018ರಲ್ಲಿ ಕೂರುವ ಹಕ್ಕು ಕಾನೂನಿಗೆ ಬಂತು. ಹಾಗೆಯೇ ನಮ್ಮಲ್ಲಿ ಏಳುವ ಬಿಡುವನ್ನು ಪಾಳಿಯ ಪಟ್ಟಿಯಲ್ಲಿ, ಕೂಲಿಯ ಲೆಕ್ಕದಲ್ಲಿ, ಬಸ್ಸಿನ ವೇಳಾಪಟ್ಟಿಯಲ್ಲಿ ಸೇರಿಸುವುದು ಹೇಗೆ? ಇಂದಿನ ಗೋಷ್ಠಿಗಳು ಇದನ್ನು ಚರ್ಚಿಸಲಿ ಎಂಬುದೇ ನನ್ನ ಆಶಯ.

ಆಮಂತ್ರಣದಲ್ಲಿ ಹತ್ತರಿಂದ ಒಂದರವರೆಗೆ ಬಿಡುವೇ ಇರಲಿಲ್ಲ. ಸಂಘಟಕರನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ಕಾಫಿ ನಿಮ್ಮ ಸೀಟಿಗೆ ಬರುವುದಿಲ್ಲ, ಹೊರಗೆ ಜಗಲಿಯಲ್ಲಿದೆ.